ಮೂಗಿನ ಎಲುಬು ಮುರಿಸಿಕೊಂಡು ಬಂದೆ

ಮೂಗಿನ ಆಪರೇಷನ್ ಮಾಡಿಸುತ್ತೇನೆ ಎಂದಾಗ ಬದಿಯಡ್ಕದಲ್ಲಿ ನನ್ನ ಗುರುತಿನವರು ಕೇಳಿದ ಮೊದಲ ಪ್ರಶ್ನೆ ಖರ್ಚಿನದ್ದಲ್ಲ. "ಎಲುಬು ಮುರಿತಾರಂತೆ, ಹೌದಾ?" ಅಂತ. ಅದರ ಹಿಂದೆಯೇ, "ಸುತ್ತಿಗೆಯಲ್ಲಿ ಹೊಡಿತಾರಂತೆ ಮಾರಾಯ್ತಿ!" ಎರಡೂ ಸುಳ್ಳಲ್ಲ. ಆದರೆ ಯಾಕೆ ಮುರಿಯುತ್ತಾರೆ, ಎಲ್ಲಿ ಮುರಿಯುತ್ತಾರೆ ಎಂದು ಯಾರೂ ಕೇಳಲಿಲ್ಲ. ನನಗೂ ಮೊದಲು ಗೊತ್ತಿರಲಿಲ್ಲ. ಉಬ್ಬು ತೆಗೆಯಬೇಕಾದರೆ ಎಲುಬು ಮುರಿಯಬೇಕು, ಅಷ್ಟೇ ಅಂದುಕೊಂಡಿದ್ದೆ. ವಿಷಯ ಬೇರೆಯೇ ಇತ್ತು.

ನನ್ನ ಮೂಗಿನ ಕಥೆ ಚಿಕ್ಕದು. ಅಪ್ಪನ ಕಡೆಯವರಿಗೆಲ್ಲ ಉದ್ದ ಮೂಗು, ನಡುವೆ ಒಂದು ಉಬ್ಬು. ನನಗೂ ಅದೇ ಬಂತು. ಅದರ ಮೇಲೆ ಶಾಲೆಯಲ್ಲಿ ತ್ರೋಬಾಲ್ ಆಡುವಾಗ ಚೆಂಡು ಬಂದು ಬಡಿಯಿತು. ರಕ್ತ ಬಂತು, ಐಸ್ ಇಟ್ಟರು, ಮುಖ ಬಾತುಕೊಂಡಿತು. ಬಾವು ಇಳಿದ ಮೇಲೆ ನೋಡಿದರೆ ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. "ದೊಡ್ಡವಳಾಗುವಾಗ ಸರಿಯಾಗ್ತದೆ" ಅಂದರು. ಆಗಲಿಲ್ಲ. ಬಲ ಹೊಳ್ಳೆಯಲ್ಲಿ ಉಸಿರು ಸರಿಯಾಗಿ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಂತೂ ಬಾಯಿ ತೆರೆದೇ ನಿದ್ದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ. ಮಕ್ಕಳ ಮೂಗಿಗೆ ಜೋರಾಗಿ ಪೆಟ್ಟು ಬಿದ್ದರೆ ಎಕ್ಸ್‌ರೇಯಿಂದ ಹೆಚ್ಚು ತಿಳಿಯುವುದಿಲ್ಲವಂತೆ, ಕಣ್ಣಿಂದ ನೋಡಿ ಕೈಯಿಂದ ಮುಟ್ಟಿಯೇ ತಿಳಿಯಬೇಕು. ಬಾವು ಇಳಿಯಲು ಕೆಲವು ದಿನ ಬಿಟ್ಟು, ಮೂಗು ವಾಲಿದ್ದರೆ ಎಲುಬನ್ನು ಒತ್ತಿ ಕೂರಿಸಬಹುದು. ಕೊಯ್ಯುವುದು ಬೇಡ. ಆದರೆ ಅದಕ್ಕೆ ಸಮಯ ಕಡಿಮೆ. ದೊಡ್ಡವರಿಗೆ ಹೆಚ್ಚೆಂದರೆ 2 ವಾರ, ಮಕ್ಕಳಿಗೆ ಎಲುಬು ಬೇಗ ಕೂಡುವುದರಿಂದ ಇನ್ನೂ ಕಡಿಮೆ. ಮೂಗಿನ ಒಳಗೆ ಎರಡು ಹೊಳ್ಳೆಗಳ ನಡುಗೋಡೆಯಲ್ಲಿ ರಕ್ತ ಕಟ್ಟಿ ಉಬ್ಬಿದ್ದರೆ ಮಾತ್ರ ಕಾಯಲೇಬಾರದು, ಆ ದಿನವೇ ತೆಗೆಸಬೇಕು. ಇಲ್ಲದಿದ್ದರೆ ಒಳಗಿನ ಕಾರ್ಟಿಲೇಜ್ ಎಂಬ ಮೃದು ಎಲುಬು ಸತ್ತು ಮೂಗೇ ಕುಸಿಯಬಹುದು.

ಕಾಸರಗೋಡಿನ ನಮಗೆ ಸ್ವಲ್ಪ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ವೋಟು ಕೇರಳದಲ್ಲಿ, ಔಷಧಿ ಕರ್ನಾಟಕದಲ್ಲಿ. ನಾನು ಮೊದಲ ಸಲ ಹೊರಟಿದ್ದು 2020ರಲ್ಲಿ. ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದರು. ಜೀವ ಹೋಗುವ ರೋಗಿಗಳೇ ಆಂಬುಲೆನ್ಸಿನಲ್ಲಿ ದಾಟಲಾಗದೆ ಒದ್ದಾಡುತ್ತಿರುವಾಗ ಮೂಗಿನ ಉಬ್ಬಿನ ಮಾತು ಎತ್ತಲಿಕ್ಕೆ ಮುಖ ಎಲ್ಲಿದೆ? ಸುಮ್ಮನಾದೆ. ಕೆಲವು ವರ್ಷ ಕಳೆದು ಒಂದು ಬೇಸಿಗೆ ರಜೆಯಲ್ಲಿ ಮತ್ತೆ ಹೋದೆ.

ಅಮ್ಮನಿಗೆ ಇಷ್ಟವಿರಲಿಲ್ಲ. "ಉಸಿರಿಗೆ ಬೇಕಾದರೆ ಮಾಡಿಸು. ಅಪ್ಪನ ಮೂಗನ್ನು ಎಂತಕ್ಕೆ ತೆಗೆಸುದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂದಿಗೂ ಇಲ್ಲ.

ಸರ್ಜನ್ ತುಳುವಿನಲ್ಲೇ ಮಾತಾಡಿದರು. ಅರ್ಧ ಭಯ ಅಲ್ಲೇ ಇಳಿಯಿತು. ಮೊದಲು ಕೇಳಿದ್ದು, "ಮೂಗು ಸರಿ ಇಲ್ಲ ಅಂತ ನಿಮಗೆ ಅನ್ನಿಸಿದ್ದೋ, ಬೇರೆಯವರು ಹೇಳಿದ್ದೋ?" ಎರಡನೆಯದಾದರೆ ಅವರು ಕತ್ತಿ ಎತ್ತುವುದಿಲ್ಲವಂತೆ. ಕನ್ನಡಿಯಲ್ಲಿ ಏನೂ ಇಲ್ಲದ ಕಡೆ ಕುಂದು ಕಾಣುವವರೂ ಬರುತ್ತಾರೆ, ಅವರಿಗೆ ಎಷ್ಟು ಆಪರೇಷನ್ ಮಾಡಿದರೂ ಸಮಾಧಾನ ಆಗುವುದಿಲ್ಲ ಎಂದರು. ಹದಿಹರೆಯ ಮುಗಿಯುತ್ತಾ ಮುಖದ ಬೆಳವಣಿಗೆ ನಿಲ್ಲುವವರೆಗೂ ಚಂದಕ್ಕಾಗಿ ಮೂಗು ಮುಟ್ಟುವುದಿಲ್ಲ ಎಂದೂ ಹೇಳಿದರು.

ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆಯನ್ನು ನನ್ನ ಕಡೆ ತಿರುಗಿಸಿದರು. "ಇದರಲ್ಲಿ ಮೂಗು ಎಲ್ಲಿದೆ, ತೋರಿಸಿ." ನೋಡಿದರೆ ಮೂಗೇ ಇಲ್ಲ. ಅಲ್ಲೊಂದು ತೂತು. ತೂತಿನ ಮೇಲೆ, ಎರಡು ಕಣ್ಣುಗಳ ಗುಳಿಯ ನಡುವೆ, ಮುಂದಕ್ಕೆ ಚಾಚಿದ ಪುಟ್ಟ ಎಲುಬು. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಇರಬಹುದು. "ನೀವು ಹೆದರುವ ಎಲುಬು ಇಷ್ಟೇ" ಎಂದರು.

ಮೂಗಿನ ಮೇಲಿನ ಮೂರರಲ್ಲಿ ಒಂದು ಭಾಗ ಮಾತ್ರ ಎಲುಬು. ಎಡಕ್ಕೊಂದು, ಬಲಕ್ಕೊಂದು ತೆಳ್ಳಗಿನ ತುಂಡು, ನಡುವಿನಲ್ಲಿ ಸೇರಿಕೊಂಡಿವೆ. ಅವುಗಳ ಹೊರಬದಿಗೆ ಮೇಲ್ದವಡೆಯ ಎಲುಬಿನಿಂದಲೇ ಮೇಲಕ್ಕೆ ಬಂದ ಒಂದೊಂದು ಪಟ್ಟಿ. ಹಣೆಯ ಹತ್ತಿರ ದಪ್ಪ, ಕೆಳಗೆ ಬಂದ ಹಾಗೆ ತೆಳು. ಉಳಿದದ್ದೆಲ್ಲ ಕಾರ್ಟಿಲೇಜ್, ಕಿವಿಯಲ್ಲಿರುವಂಥ ಬಾಗುವ ಮೃದು ಎಲುಬು. ಮೂಗಿನ ಬೆನ್ನಿನ ಮೇಲೆ ಬೆರಳನ್ನು ಮೇಲಿಂದ ಕೆಳಗೆ ಜಾರಿಸಿದರೆ ಗಟ್ಟಿ ಮುಗಿದು ಮೆತ್ತಗೆ ಶುರುವಾಗುವ ಜಾಗ ಸಿಗುತ್ತದೆ. ನನ್ನ ಉಬ್ಬು ಸರಿಯಾಗಿ ಅಲ್ಲೇ ಇತ್ತು. ಹೆಚ್ಚಿನವರ ಉಬ್ಬಿನಲ್ಲೂ ಎಲುಬು ಸ್ವಲ್ಪ, ಕಾರ್ಟಿಲೇಜೇ ಜಾಸ್ತಿಯಂತೆ. ಮೂಗಿನ ಚರ್ಮ ಅತಿ ತೆಳ್ಳಗಿರುವುದೂ ಅದೇ ಜಾಗದಲ್ಲಿ. ಹಾಗಾಗಿ ಅಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಹೊರಗೆ ಗೊತ್ತಾಗುತ್ತದೆ.

ಉಬ್ಬನ್ನು ತೆಗೆಯಲು ಮುರಿಯುವುದು ಬೇಕಾಗಿಲ್ಲ. ಕಾರ್ಟಿಲೇಜನ್ನು ಬ್ಲೇಡಿನಿಂದ ಸವರುತ್ತಾರೆ. ಎಲುಬು ಸ್ವಲ್ಪವೇ ಇದ್ದರೆ ಅರದಿಂದ ಉಜ್ಜುತ್ತಾರೆ. ಜಾಸ್ತಿ ಇದ್ದರೆ ಚಪ್ಪಟೆ ಉಳಿಯಿಂದ ಎಬ್ಬಿಸಿ ತೆಗೆದು, ಅಂಚನ್ನು ಅರದಿಂದ ನಯ ಮಾಡುತ್ತಾರೆ. ಚಿಕ್ಕ ಉಬ್ಬಿನವರಿಗೆ ಉಜ್ಜುವುದರಲ್ಲೇ ಕೆಲಸ ಮುಗಿಯುವುದುಂಟು.

ತಾಪತ್ರಯ ಬರುವುದು ಆಮೇಲೆ. ನಮ್ಮದು ಹಂಚಿನ ಮನೆ, ಹಾಗಾಗಿ ನನಗೆ ಬೇಗ ಅರ್ಥವಾಯಿತು. ಎರಡು ಇಳಿಜಾರು ಸೇರುವ ಮಾಡಿನ ತುದಿಯನ್ನೇ ತೆಗೆದುಬಿಟ್ಟರೆ ಮೇಲೆ ಉದ್ದಕ್ಕೆ ಸಂದು ಬೀಳುತ್ತದೆ. ಮೂಗಿನಲ್ಲೂ ಅದೇ. ಡಾಕ್ಟರುಗಳು ಕೂಡ ಅದನ್ನು ಓಪನ್ ರೂಫ್ ಎಂದೇ ಕರೆಯುತ್ತಾರೆ. ಹಾಗೇ ಬಿಟ್ಟರೆ ಪಕ್ಕದಿಂದ ಮೂಗು ನೇರವಾಗಿ ಕಾಣುತ್ತದೆ, ಎದುರಿನಿಂದ ಅಗಲ, ಚಪ್ಪಟೆ. ಕೆಲವರಿಗೆ ಎಲುಬಿನ ಎರಡು ಅಂಚುಗಳು ಚರ್ಮದ ಅಡಿಯಲ್ಲಿ ಗೆರೆಗಳ ಹಾಗೆ ಎದ್ದು ಕಾಣುತ್ತವೆ. ಆ ಸಂದು ಮುಚ್ಚಬೇಕು. ಮುಚ್ಚಬೇಕಾದರೆ ಎರಡು ಬದಿಯ ಎಲುಬಿನ ಗೋಡೆಗಳನ್ನು ಬುಡದಲ್ಲಿ, ಕೆನ್ನೆಗೆ ಸೇರುವಲ್ಲಿ, ಬಿಡಿಸಿ ಕೆಲವೇ ಮಿಲಿಮೀಟರ್ ಒಳಕ್ಕೆ ಸರಿಸಬೇಕು. ಜನ ಎಲುಬು ಮುರಿಯುವುದು ಎನ್ನುವುದು ಇದನ್ನೇ. ಡಾಕ್ಟರುಗಳ ಬಾಯಲ್ಲಿ ಆಸ್ಟಿಯೊಟಮಿ. ನನಗೆ ಇನ್ನೊಂದು ಕಾರಣವೂ ಇತ್ತು. ವಾಲಿ ಕೂಡಿಕೊಂಡ ಎಲುಬನ್ನು ಬಿಡಿಸದೆ ನಡುವಿಗೆ ತರುವ ದಾರಿಯೇ ಇಲ್ಲ.

ನಾನು ಕೇಳಿದೆ, "ಬುಡದಲ್ಲಿ ಅಂದರೆ ಪೂರ್ತಿ ಬುಡದಿಂದಲೇ?" ಅಲ್ಲ. ಬುರುಡೆಯ ಮೂಗಿನ ತೂತಿನ ಪಕ್ಕ ಪೆನ್ನಿನ ತುದಿ ಇಟ್ಟು ತೋರಿಸಿದರು. ಅಲ್ಲಿ ಕೆಳಗಡೆ ಒಂದು ಚಿಕ್ಕ ತ್ರಿಕೋನದಷ್ಟು ಎಲುಬನ್ನು ಮುಟ್ಟದೆ ಬಿಡುತ್ತಾರೆ. ಅದನ್ನೂ ಸೇರಿಸಿ ಒಳಗೆ ತಳ್ಳಿದರೆ ಉಸಿರಿನ ದಾರಿ ಕಿರಿದಾಗಬಹುದು. ಅಲ್ಲಿಂದ ಶುರು ಮಾಡಿ ಕಣ್ಣಿನ ಒಳಮೂಲೆಯ ಮಟ್ಟದವರೆಗೆ ಗೆರೆ ಹೋಗುತ್ತದೆ. ಅದಕ್ಕಿಂತ ಮೇಲೆ ಹಣೆಯ ದಪ್ಪ ಎಲುಬಿಗೆ ಹೋದರೆ ಇನ್ನೊಂದು ತೊಂದರೆ. ಕೆಳಗೆ ಒತ್ತಿದಾಗ ಮೇಲಿನ ತುದಿ ಹೊರಕ್ಕೆ ಎದ್ದುಬಿಡುತ್ತದೆ. ಎಲ್ಲಿ ಕತ್ತರಿಸಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲೇ ಕೈಚಳಕ ಇದೆ ಅನ್ನಿಸಿತು.

ಕತ್ತರಿಸುವ ದಾರಿಗಳೂ ಬೇರೆ ಬೇರೆ. ಮೂಗಿನ ಒಳಗಿನಿಂದಲೇ ಉಳಿ ತೂರಿಸಿ ಒಂದೇ ಗೆರೆಯಾಗಿ ಕತ್ತರಿಸುವುದು ಒಂದು. ಮೂಗಿನ ಬದಿಯ ಚರ್ಮದಲ್ಲಿ ಚಿಕ್ಕ ಗೀರು ಹಾಕಿ, 2 ಮಿಲಿಮೀಟರ್ ಅಗಲದ ಉಳಿಯಿಂದ ಎಲುಬಿನಲ್ಲಿ ಸಾಲಾಗಿ ತೂತು ಹಾಕಿ, ಬೆರಳಿನಿಂದ ಒತ್ತಿ ಬಿಡಿಸುವುದು ಇನ್ನೊಂದು. ಇದರಲ್ಲಿ ತೂತುಗಳ ನಡುವಿನ ಒಳಪದರ ಹೆಚ್ಚಾಗಿ ಉಳಿಯುವುದರಿಂದ ತುಂಡು ಸಡಿಲವಾಗಿ ಒಳಗೆ ಬೀಳುವುದಿಲ್ಲ. ಮೂರನೆಯದು ಪೀಜೋ. ಅಲ್ಟ್ರಾಸೌಂಡ್ ಕಂಪನದಿಂದ ಎಲುಬನ್ನು ಕೊಯ್ಯುವ ಯಂತ್ರ. ಮೊದಲು ಹಲ್ಲಿನ ಡಾಕ್ಟರುಗಳ ಕೈಯಲ್ಲಿತ್ತು, ಆಮೇಲೆ ಮೂಗಿಗೆ ಬಂತು. ಎಲುಬನ್ನು ಕೊಯ್ಯುತ್ತದೆ, ಪಕ್ಕದ ಮೆತ್ತಗಿನ ಭಾಗಕ್ಕೆ ಪೆಟ್ಟು ಕಡಿಮೆ. ಆದರೆ ಚರ್ಮವನ್ನು ಜಾಸ್ತಿ ಬಿಡಿಸಬೇಕು, ಸಮಯವೂ ಜಾಸ್ತಿ ಬೇಕು, ಬಿಲ್ಲೂ. "ನನ್ನ ಕೈ ಪಳಗಿದ್ದು 2 ಮಿಲಿಮೀಟರ್ ಉಳಿಯಲ್ಲಿ" ಎಂದರು ಡಾಕ್ಟ್ರು. ಆ ಮಾತು ನನಗೆ ಹಿಡಿಸಿತು. ಯಂತ್ರದ ಹೆಸರು ನೋಡಿ ಆಸ್ಪತ್ರೆ ಆರಿಸುವುದಕ್ಕಿಂತ ಇದು ವಾಸಿ.

ಉಬ್ಬನ್ನು ಮೇಲಿಂದ ಕೆತ್ತದೆ, ನಡುಗೋಡೆಯಿಂದ ಒಂದು ಪಟ್ಟಿ ತೆಗೆದು, ಬದಿಯ ಎಲುಬುಗಳನ್ನು ಬಿಡಿಸಿ, ಮೂಗಿನ ಇಡೀ ಬೆನ್ನನ್ನೇ ಕೆಳಗೆ ಇಳಿಸುವ ವಿಧಾನವೂ ಇದೆ. ಅದರಲ್ಲಿ ಮೇಲೆ ಸಂದು ಬೀಳುವ ಪ್ರಶ್ನೆಯೇ ಇಲ್ಲ. ಈಗ ಪ್ರಿಸರ್ವೇಶನ್ ಎಂಬ ಹೆಸರಿನಲ್ಲಿ ಹೊಸದರ ಹಾಗೆ ಓಡುತ್ತಿದೆ, ಆದರೆ ಅಮೆರಿಕದ ಗುಡೇಲ್ ಎಂಬ ಡಾಕ್ಟರು 1899ರಲ್ಲೇ ಇಂಥದ್ದನ್ನು ಬರೆದಿದ್ದರು. ನನ್ನ ಮೂಗು ಪೆಟ್ಟು ತಿಂದು ವಾಲಿದ್ದರಿಂದ ಅದು ಸರಿಹೋಗುವುದಿಲ್ಲ ಎಂದರು.

ಮೂಗಿನ ಆಪರೇಷನ್ ಎಂದ ಕೂಡಲೇ ನಮ್ಮಲ್ಲಿ ಸುಶ್ರುತನ ಹೆಸರು ಬರುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲೂ ಬಂತು. ಅದು ಕತ್ತರಿಸಿ ಹೋದ ಮೂಗಿಗೆ ಚರ್ಮ ತಂದು ಕಟ್ಟುವ ಕೆಲಸ. ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ ಕಾವಸ್‌ಜೀ ಎಂಬ ಗಾಡಿಯವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು. ಇದ್ದ ಮೂಗಿನ ಎಲುಬನ್ನು ತಗ್ಗಿಸುವ ಕೆಲಸದಲ್ಲಿ ಹೆಸರು ಮಾಡಿದವರು ಬರ್ಲಿನ್ನಿನ ಜಾಕ್ ಜೋಸೆಫ್. ಅವರು ಮೊದಲು ಕಲಿತದ್ದು ಎಲುಬಿನ ಡಾಕ್ಟರಿಕೆ. ದೊಡ್ಡ ಮೂಗಿನಿಂದಾಗಿ ನಾಲ್ಕು ಜನರೆದುರು ಹೋಗಲು ನಾಚುತ್ತಿದ್ದ ಒಬ್ಬನ ಮೂಗನ್ನು ಕಿರಿದು ಮಾಡಿ 1898ರಲ್ಲಿ ಅಲ್ಲಿನ ವೈದ್ಯರ ಸಭೆಯ ಮುಂದಿಟ್ಟರು. ಮನಸ್ಸಿನ ನೋವು ಕೂಡ ಆಪರೇಷನ್ನಿಗೆ ಕಾರಣವಾಗಬಹುದು ಎನ್ನುವುದು ಅವರ ವಾದ. ಅಮ್ಮನಿಗೆ ಇದನ್ನು ಹೇಳಿ ನೋಡಿದೆ. "ಅವನ ಮೂಗು ಅವನ ಅಪ್ಪನದ್ದಾ?" ಎಂದು ಕೇಳಿದರು.

ತಯಾರಿ ಬೇಗ ಮುಗಿಯಿತು. ರಕ್ತ ಪರೀಕ್ಷೆ, ಮೂಗಿನೊಳಗೆ ಕ್ಯಾಮೆರಾ, ಒಂದು ಸಿಟಿ ಸ್ಕ್ಯಾನ್, ಎಲ್ಲ ಕಡೆಯಿಂದ ಫೋಟೋ. ಆಸ್ಪಿರಿನ್, ಐಬುಪ್ರೊಫೆನ್ ಮೊದಲೇ ನಿಲ್ಲಿಸಲು ಹೇಳಿದರು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ ಎಂದು. "ಕಷಾಯ, ಲೇಹ್ಯ ಏನಾದರೂ ಉಂಟಾ?" ಎಂದೂ ಕೇಳಿದರು. ನಮ್ಮ ಕಡೆಯವರನ್ನು ಬಲ್ಲವರು. ಮೂಗುಬೊಟ್ಟು ತೆಗೆದು ಅಮ್ಮನ ಕೈಗೆ ಕೊಟ್ಟೆ. ಇನ್ಶೂರೆನ್ಸಿನವರು ನಡುಗೋಡೆ ಸರಿಮಾಡುವುದಕ್ಕೆ ಕೊಡುತ್ತೇವೆ, ಉಬ್ಬಿಗೆ ಇಲ್ಲ ಎಂದರು. ಹೆಚ್ಚಿನ ಕಡೆ ಹಾಗೆಯೇ ಅಂತೆ.

ಆಪರೇಷನ್ ಬಗ್ಗೆ ನಾನು ಹೇಳಲು ಏನೂ ಇಲ್ಲ, ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಸುತ್ತಿಗೆಯ ಶಬ್ದ ಕೇಳಲಿಲ್ಲ. ಆದದ್ದು ಏನು ಎಂದು ತಿಳಿದದ್ದು ಡಿಸ್ಚಾರ್ಜ್ ಕಾಗದದಿಂದ. ನಡುಗೋಡೆ ನೇರ ಮಾಡಿದೆ, ಉಬ್ಬು ತೆಗೆದು ಉಜ್ಜಿದೆ, ಎರಡೂ ಬದಿ ಆಸ್ಟಿಯೊಟಮಿ ಮಾಡಿದೆ, ನಡುಗೋಡೆಯಿಂದ ತೆಗೆದ ಕಾರ್ಟಿಲೇಜಿನಲ್ಲಿ ಎರಡು ಪಟ್ಟಿ ಮಾಡಿ ಎಲುಬಿನ ಕೆಳಗಿನ ನಡುಭಾಗಕ್ಕೆ ಇಟ್ಟಿದೆ. ಕೊನೆಯದ್ದು ಮುಖ್ಯ. ಎಲುಬು ಒಳಗೆ ಸರಿದಾಗ ಅದಕ್ಕೆ ಅಂಟಿಕೊಂಡ ಕಾರ್ಟಿಲೇಜೂ ಒಳಕ್ಕೆ ಕುಸಿದರೆ ಉಸಿರು ಕಟ್ಟುತ್ತದೆ, ಮೂಗಿನ ನಡುವೆ ತಲೆಕೆಳಗಾದ ವಿ ಆಕಾರದ ನೆರಳು ಕಾಣುತ್ತದೆ. ಅದಕ್ಕೇ ಆ ಆಧಾರ. ಎಲ್ಲರೂ ಎಲುಬಿಗೆ ಹೆದರುತ್ತಾರೆ. ಎಲುಬು ಕೂಡಿಕೊಳ್ಳುತ್ತದೆ. ಹೆದರಬೇಕಾದರೆ ಈ ನಡುಭಾಗಕ್ಕೆ ಹೆದರಬೇಕು, ಕೇಳಬೇಕಾದದ್ದೂ ಅದರ ಬಗ್ಗೆಯೇ ಎಂದು ನನಗೀಗ ಅನ್ನಿಸುತ್ತದೆ.

ಎಚ್ಚರವಾದಾಗ ನೋವಿಗಿಂತ ಬಾಯಾರಿಕೆ ಜಾಸ್ತಿ. ಮೂಗು ಪೂರ್ತಿ ಬಂದ್. ಬಾಯಿಂದ ಉಸಿರಾಡಿ ಗಂಟಲು ಒಣಗಿ ಮರದ ತುಂಡಾಗಿತ್ತು. ಮೂಗಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಅಚ್ಚು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮೂಗಿನ ಮೇಲೆ ಒತ್ತಿದರೆ ಅದೇ ಆಕಾರದಲ್ಲಿ ಬಿಗಿಯುತ್ತದೆಯಂತೆ. ಕೈ ಮುರಿದರೆ ಸರಳು, ಸ್ಕ್ರೂ ಹಾಕುವುದುಂಟು. ಮೂಗಿನ ಎಲುಬಿಗೆ ಸಾಮಾನ್ಯವಾಗಿ ಅದೆಲ್ಲ ಇಲ್ಲ. ಹೊರಗಿನ ಅಚ್ಚು, ಒಳಗಿನ ಪದರ, ಇವೆರಡರ ನಡುವೆ ತಾನೇ ಕೂಡಿಕೊಳ್ಳಬೇಕು. ಒಳಗೆ ನಡುಗೋಡೆಯ ಎರಡೂ ಬದಿಗೆ ಸಿಲಿಕೋನ್ ಹಾಳೆಗಳು.

ಮರುದಿನ ಕನ್ನಡಿ ನೋಡಿದೆ. ನೋಡಬಾರದಿತ್ತು ಎಂದೇನಿಲ್ಲ, ಹೀಗಾಗುತ್ತದೆ ಎಂದು ಹೇಳಿಯೇ ಇದ್ದರು. ಎರಡೂ ಕಣ್ಣಿನ ಕೆಳಗೆ ನೇರಳೆ ಬಣ್ಣ, ರೆಪ್ಪೆಗಳು ಬಾತು ಕಣ್ಣು ಗೀರಿನಷ್ಟೇ ತೆರೆದಿತ್ತು. ಎಲುಬು ಕತ್ತರಿಸಿದ ಗೆರೆಯ ಪಕ್ಕದಲ್ಲೇ ರಕ್ತನಾಳಗಳಿವೆ, ಅಲ್ಲಿಂದ ಜಿನುಗಿದ ರಕ್ತ ಕಣ್ಣಿನ ಕೆಳಗಿನ ಸಡಿಲ ಚರ್ಮಕ್ಕೆ ಇಳಿಯುತ್ತದೆ. ನೇರಳೆ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಹೋಯಿತು. ತಣ್ಣೀರಿನ ಬಟ್ಟೆಯನ್ನು ಕಣ್ಣಿಗೆ, ಕೆನ್ನೆಗೆ ಇಡಬೇಕು, ಮೂಗಿನ ಮೇಲೆ ಭಾರ ಹಾಕಬಾರದು.

ಮನೆಗೆ ಬರುವ ದಾರಿಯೇ ದೊಡ್ಡ ಪರೀಕ್ಷೆ. ತೊಕ್ಕೊಟ್ಟು, ತಲಪಾಡಿ, ಉಪ್ಪಳ ದಾಟಿ ಕುಂಬಳೆಯಲ್ಲಿ ತಿರುಗುವವರೆಗೆ ಹೈವೇ ಕೆಲಸ. ಪ್ರತಿ ಗುಂಡಿಗೂ ನಾನು ಮುಖ ಹಿಡಿದುಕೊಳ್ಳುತ್ತಿದ್ದೆ, ಹಿಡಿದರೆ ಏನೋ ಉಪಯೋಗ ಇದೆ ಎಂಬ ಹಾಗೆ.

ಆಮೇಲಿನ ದಿನಗಳು ಬೇಸರದವು. ಎರಡು ದಿಂಬು ಏರಿಸಿ ಅಂಗಾತ ಮಲಗಬೇಕು. ಬಗ್ಗಬಾರದು, ಗುಡಿಸಬಾರದು, ಭಾರ ಎತ್ತಬಾರದು. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಅಗಿಯುವುದು ಕಷ್ಟ, ಮೇಲ್ದುಟಿ ಮರಗಟ್ಟಿ ನಗು ಸೊಟ್ಟ. ಗಂಜಿ, ತಂಬುಳಿ, ಮತ್ತೆ ಗಂಜಿ. ಏಪ್ರಿಲ್ ಸೆಕೆಗೆ ಬೆವರಿ ಅಚ್ಚಿನ ಅಂಟುಪಟ್ಟಿ ಬದಿಯಲ್ಲಿ ಎದ್ದು ಬರುತ್ತಿತ್ತು. ದೊಡ್ಡಮ್ಮ ಬಂದವರು "ಎಣ್ಣೆ ಹಾಕಿ ತಿಕ್ಕಿದರೆ ಎಲುಬು ಕೂರ್ತದೆ" ಎಂದು ಬಟ್ಟಲು ಹಿಡಿದು ನಿಂತರು. ಮೊದಲ ಬಾರಿಗೆ ಅಮ್ಮ ನನ್ನ ಪಕ್ಷ ವಹಿಸಿದರು. "ಅಕ್ಕಾ, ಅದನ್ನು ಮುಟ್ಟಬೇಡಿ. ದುಡ್ಡು ಕೊಟ್ಟು ಕೂರಿಸಿದ್ದು."

ಸುಮಾರು ಒಂದು ವಾರಕ್ಕೆ ಅಚ್ಚು ತೆಗೆಯುತ್ತಾರೆ. ಒಳಗಿನ ಸಿಲಿಕೋನ್ ಹಾಳೆ ಎಳೆದಾಗ ಮೆದುಳಿನಿಂದಲೇ ಏನೋ ಬಂದ ಹಾಗಾಯಿತು, ಮರುಕ್ಷಣ ಬಲ ಹೊಳ್ಳೆಯಲ್ಲಿ ಗಾಳಿ ನುಗ್ಗಿತು. ಅಷ್ಟು ಗಾಳಿ ಆ ಕಡೆಯಿಂದ ಬಂದದ್ದು ನನಗೆ ನೆನಪೇ ಇಲ್ಲ. ಮೂಗು ಮಾತ್ರ ಬಾತುಕೊಂಡು ಅಗಲವಾಗಿತ್ತು. ಈ ಹಂತದಲ್ಲಿ ಅಳುವವರು ಬಹಳ ಜನ ಎಂದರು ನರ್ಸ್. ಮೂಗಿನ ಎರಡು ಬದಿಯಲ್ಲಿ ಪೆನ್ಸಿಲ್ ಚುಕ್ಕಿಯಷ್ಟು ಕೆಂಪು ಗುರುತು, ಹೊಲಿಗೆ ಇಲ್ಲ. ಉಳಿ ಒಳಗೆ ಹೋದದ್ದು ಅಲ್ಲಿಂದ! ಈಗ ಹುಡುಕಿದರೂ ಸಿಗುವುದಿಲ್ಲ.

ಎಲುಬು ಗಟ್ಟಿಯಾಗಲು ಸುಮಾರು 6 ವಾರ ಬೇಕು. ಅಲ್ಲಿಯವರೆಗೆ ಒತ್ತಡ ಬಿದ್ದರೆ ಜರುಗಬಹುದು. ಕನ್ನಡಕ ಇಲ್ಲದೆ ನನಗೆ ಬೋರ್ಡಿನಲ್ಲಿ ಬರೆದದ್ದು ಬಿಡಿ, ಎದುರು ಕೂತವರ ಮುಖವೂ ಮಂಜು. ಆದರೆ ಕನ್ನಡಕ ಕೂರುವುದು ಸರಿಯಾಗಿ ಆ ಎಲುಬಿನ ಮೇಲೆ. ಡಾಕ್ಟ್ರು ಹೇಳಿದ ಉಪಾಯ ಇದು. ಕನ್ನಡಕದ ನಡುವಿನ ಸೇತುವೆಗೆ ಅಂಟುಪಟ್ಟಿ ಸುತ್ತಿ, ಅದರ ತುದಿಯನ್ನು ಹಣೆಗೆ ಅಂಟಿಸಿ ಮೂಗಿಗೆ ತಾಗದ ಹಾಗೆ ನೇತುಹಾಕುವುದು. ಬೆವರಿಗೆ ಅಂಟು ಬಿಡುತ್ತಿತ್ತು. ಮತ್ತೆ ಹಣೆ ಒರೆಸು, ಮತ್ತೆ ಅಂಟಿಸು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಇದೆಲ್ಲ ಮುಗಿದಿತ್ತು, ಹಣೆಯಲ್ಲಿ ಚರ್ಮ ಸುಲಿದ ಒಂದು ಚೌಕ ಮಾತ್ರ ಉಳಿದಿತ್ತು. ಮಕ್ಕಳು ಕೇಳಿದ್ದೂ ಅದನ್ನೇ. "ಟೀಚರೇ, ಹಣೆಗೆ ಎಂತ ಆಯ್ತು?" ಮೂಗನ್ನು ಒಬ್ಬರೂ ಗಮನಿಸಲಿಲ್ಲ.

ಬಾವು ಪೂರ್ತಿ ಇಳಿಯಲು ವರ್ಷ ಹಿಡಿಯುತ್ತದೆ, ತುದಿಯದ್ದು ಕೊನೆಗೆ. ಬೆಳಿಗ್ಗೆ ಎದ್ದಾಗ ದಪ್ಪ, ಸಂಜೆಗೆ ಸ್ವಲ್ಪ ಕಡಿಮೆ, ಹೀಗೆ ನಡೆಯಿತು. ತುದಿಯ ಮರಗಟ್ಟುವಿಕೆ ಹೋಗಲೂ ತಿಂಗಳುಗಳು ಬೇಕಾದವು. ಈಗ ಪಕ್ಕದಿಂದ ನೋಡಿದರೆ ಮೂಗು ನೇರ. ಎದುರಿನಿಂದ ನೋಡಿದರೆ ಒಂಚೂರು, ಬಹಳ ಒಂಚೂರು, ಎಡಕ್ಕೆ. ಪೂರ್ತಿ ನಡುವಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು, ಮುಖವೇ ಎರಡು ಬದಿ ಒಂದೇ ಸಮ ಇಲ್ಲವಲ್ಲ. ಮೂಗಿನ ಬೆನ್ನಿನಲ್ಲಿ ಬೆರಳಿಗೆ ಸಿಗುವ ಒಂದು ಸಣ್ಣ ಏಣು ಉಳಿದಿದೆ, ಕಣ್ಣಿಗೆ ಕಾಣುವುದಿಲ್ಲ. ಬೇಕಾದರೆ ಅದನ್ನೂ ಉಜ್ಜಬಹುದು ಎಂದರು ಡಾಕ್ಟ್ರು. "ಬೇಡ, ಅದು ಅಪ್ಪನಿಗಿರಲಿ" ಎಂದು ಅಮ್ಮ ಪಕ್ಕದಿಂದ ಹೇಳಿದರು. ಡಾಕ್ಟ್ರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಒಂದೇ ತೊಂದರೆ, ಕನ್ನಡಕ ಈಗ ಜಾರುತ್ತದೆ. ಮೊದಲು ಉಬ್ಬು ಅದನ್ನು ತಡೆದು ನಿಲ್ಲಿಸುತ್ತಿತ್ತು. ಕಾಸರಗೋಡು ಪೇಟೆಯ ಕನ್ನಡಕದ ಅಂಗಡಿಯವರು ಸಿಲಿಕೋನ್ ಪ್ಯಾಡ್ ಬದಲಿಸಿ, ಕಾಲುಗಳನ್ನು ಬಿಸಿಮಾಡಿ ಕಿವಿಯ ಹಿಂದೆ ಸ್ವಲ್ಪ ಬಗ್ಗಿಸಿ ಕೊಟ್ಟರು. ಆಪರೇಷನ್ ಮಾಡಿಸುವ ಕನ್ನಡಕದವರು ಯಾರಾದರೂ ಇದ್ದರೆ ಅದಕ್ಕೂ ಸ್ವಲ್ಪ ದುಡ್ಡು ತೆಗೆದಿಡಿ.